ಎರಡು ಹಾಳೆಯಲ್ಲೂ ನನ್ನದೇ ಸಹಿ

ಎಲ್ಲರಿಗೂ ನಮಸ್ಕಾರ. ನಾನು ಬರೆದು ಅಭ್ಯಾಸ ಇದ್ದವನಲ್ಲ. ಮೊಬೈಲಿನಲ್ಲಿ ಬಲಗೈಯ ತೋರುಬೆರಳು ಒಂದರಿಂದಲೇ ಕುಟ್ಟುತ್ತಿದ್ದೇನೆ. ಮೋಟಾರು ವೈಂಡಿಂಗ್ ಮಾಡುವವನ ಬೆರಳು, ವಾರ್ನಿಷ್ ಹಿಡಿದು ಹಿಡಿದು ದಪ್ಪವಾಗಿದೆ. ಒಂದು ಅಕ್ಷರ ಒತ್ತಿದರೆ ಪಕ್ಕದ್ದೂ ಜೊತೆಗೆ ಬರುತ್ತದೆ. ಒತ್ತು, ದೀರ್ಘ ತಪ್ಪಿದ್ದಲ್ಲಿ ದಯಮಾಡಿ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಂಡತಿ ವಿಮಲ ಒಮ್ಮೆ ಓದಿ ಸರಿ ಮಾಡಿಕೊಡುತ್ತೇನೆ ಎಂದಿದ್ದಾಳೆ. ಆದರೆ ಅವಳ ಬಗ್ಗೆಯೂ ಇದರಲ್ಲಿ ಬರೆದಿರುವುದರಿಂದ ಎಷ್ಟು ಉಳಿಸುತ್ತಾಳೋ ಗೊತ್ತಿಲ್ಲ.

ಇದನ್ನೆಲ್ಲ ಬರೆಯಬೇಕು ಅನಿಸಿದ್ದು ಮೊನ್ನೆ ಅವಳು ಬಟ್ಟೆ ಒಗೆಯುವಾಗ. ನನ್ನ ಮೂರು ಶರ್ಟಿನ ಕಿಸೆಯಿಂದಲೂ ಹತ್ತಿಯ ಉಂಡೆ ತೆಗೆದು ಕಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದಳು. "ಇದೆಂತ ನಿಮ್ದು, ಶರ್ಟಾ ಹಾಸಿಗೆಯಾ?" ಎಂದು ಕೇಳಿದಳು. ಕಿವಿಗೆ ಇಡುವ ಹತ್ತಿ ಅದು. ಅಂಗಡಿಗೆ ಹೋಗುವಾಗ ಎರಡು ಉಂಡೆ ಇಟ್ಟುಕೊಳ್ಳುತ್ತೇನೆ, ಬರುವಾಗ ಮರೆತುಬಿಡುತ್ತೇನೆ.

ಕಿವಿಯ ವಿಷಯ ಬಂದರೆ ನನಗೆ ಮೊದಲು ನೆನಪಾಗುವುದು ನೆಟ್ಟಣ. ನಾನು ಹುಟ್ಟಿ ಬೆಳೆದದ್ದು ಅಲ್ಲಿ, ರೈಲು ಹಳಿಯಿಂದ ಒಂದು ಕೂಗಿನ ದೂರದಲ್ಲಿ. ಗಾಡಿ ಕಾಣುವ ಮೊದಲೇ ಅದು ಘಾಟಿ ಹತ್ತುವುದಾ, ಇಳಿದು ಬರುವುದಾ, ಗೂಡ್ಸಾ, ಜನರದ್ದಾ ಎಂದು ಹೇಳುತ್ತಿದ್ದೆ. ಹತ್ತುವ ಗಾಡಿಗೆ ಎದೆ ಕಟ್ಟಿದವನ ಉಸಿರು; ಇಳಿಯುವ ಗಾಡಿಗೆ ಬ್ರೇಕಿನದ್ದೇ ಒಂದು ಗೋಳು. ನಾಲ್ಕನೇ ಕ್ಲಾಸಿನ ಮೇಷ್ಟ್ರು ಮಗ್ಗಿ ಕೇಳುವಾಗ ನಾನು ಕಿಟಕಿಯ ಕಡೆ ತಲೆ ಓರೆ ಮಾಡಿ ಗೂಡ್ಸಿನ ಡಬ್ಬಿ ಲೆಕ್ಕ ಹಾಕುತ್ತಿದ್ದೆನಂತೆ. ಮಗ್ಗಿ ಬರಲಿಲ್ಲ. ಆ ವರ್ಷವೇ ಶಾಲೆ ಬಿಟ್ಟೆ.

ಮತ್ತೆ ಪುತ್ತೂರಿನ ಒಂದು ವೈಂಡಿಂಗ್ ಅಂಗಡಿಗೆ ಸೇರಿಸಿದರು. ಅಲ್ಲಿದ್ದ ಅಣ್ಣು ಮೇಸ್ತ್ರಿಗಳಿಗೆ ಮಾತು ಕಮ್ಮಿ. ಒಂದು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಒತ್ತಿ ಹಿಡಿದು, ಹಿಡಿಯನ್ನು ತನ್ನ ಕಿವಿಗೆ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಡಾಕ್ಟರರ ಸ್ಟೆತೊಸ್ಕೋಪಿನ ಹಾಗೆ. "ಬೇರಿಂಗ್ ಹೋಗಿದೆ," "ಶಾಫ್ಟ್ ಉಜ್ಜುತ್ತದೆ," "ಎಂತ ಇಲ್ಲ, ಸುಮ್ಮನೆ ಹೆದರಿದ್ದು," ಇಷ್ಟೇ ಅವರ ಮಾತು. ಬಿಚ್ಚಿ ನೋಡಿದರೆ ಹೇಳಿದ ಹಾಗೇ ಇರುತ್ತಿತ್ತು. ಅವರು ನನಗೆ ಕಲಿಸಿದ ವಿದ್ಯೆ ಅದೊಂದೇ, ಇವತ್ತಿಗೂ ಅನ್ನ ಕೊಡುವುದು ಅದೊಂದೇ. ಬಿಚ್ಚುವುದಕ್ಕೆ ಯಾರಿಗಾದರೂ ಬರುತ್ತದೆ. ಬಿಚ್ಚುವ ಮೊದಲು ಕೇಳುವುದಕ್ಕೆ ಬರಬೇಕು.

ಶಾಲೆ ಅಲ್ಲಿಗೇ ಮುಗಿಯಿತು ಎಂದು ತಿಳಿಯಬೇಡಿ. ಮದುವೆಯಾದ ಮೇಲೆ ವಿಮಲ ಹಟ ಹಿಡಿದು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಿದಳು. ಆಗ ನನಗೆ ಮೂವತ್ತನಾಲ್ಕು. ಮೊದಲ ದಿನ ಪರೀಕ್ಷಾ ಕೋಣೆಗೆ ಬಂದ ಮೇಡಂ ನನ್ನನ್ನು ನೋಡಿ, "ಪೋಷಕರು ಹೊರಗೆ ಕೂತ್ಕೊಳ್ಳಿ" ಎಂದರು. ನಾನು ಎದ್ದು ಹೊರಗೆ ಹೋಗಿ ಕೂತುಬಿಟ್ಟೆ! ಹಾಲ್ ಟಿಕೆಟ್ ಕಿಸೆಯಲ್ಲೇ ಉಂಟು ಎಂದು ನೆನಪಾಗುವಾಗ ಹತ್ತು ನಿಮಿಷ ಹೋಗಿತ್ತು. ಗಣಿತಕ್ಕೆ ಎರಡು ಸಲ ಪುನಃ ಕೂತೆ. ಪಾಸಾದಾಗ ನಾನು ಮೊದಲು ಮಾಡಿದ ಕೆಲಸ ಒಂದು ಒಳ್ಳೆಯ ಸಹಿ ಕಲಿತದ್ದು. ಕೊನೆಯ ಅಕ್ಷರದಿಂದ ಬಾಲ ಎಳೆದು, ಕೆಳಗೆ ಎರಡು ಚುಕ್ಕಿ. ಅಂಗಡಿಯ ಗೋಡೆಯಲ್ಲಿ ಸುಣ್ಣ ಕಾಣದಷ್ಟು ಬರೆದು ಅಭ್ಯಾಸ ಮಾಡಿದ್ದೆ. ಅಲ್ಲಿಂದ ಇಲ್ಲಿಯವರೆಗೆ ನನ್ನ ಹತ್ತಿರ ಸಹಿ ಕೇಳಿ ಬಂದ ಯಾರನ್ನೂ ಹಿಂದೆ ಕಳಿಸಿದವನಲ್ಲ. ಬಸ್ಸು ಬೇಕು ಎಂಬ ಮನವಿಗೆ, ಮರ ಕಡಿಯಬೇಕು ಎಂಬುದಕ್ಕೆ, ಆ ಮರ ಕಡಿಯಬಾರದು ಎಂಬುದಕ್ಕೆ, ಎಲ್ಲದಕ್ಕೂ ಬಾಲ, ಎರಡು ಚುಕ್ಕಿ. ತಡವಾಗಿ ಸಿಕ್ಕಿದ ಸಾಮಾನಲ್ಲವಾ, ಖರ್ಚು ಮಾಡಲಿಕ್ಕೆ ಖುಷಿ.

ಈಗ ಹತ್ತಿಗೆ ಬರುತ್ತೇನೆ.

ನನ್ನ ಅಂಗಡಿ ಸುಳ್ಯದ ಕಡೆಯ ನಮ್ಮ ಪೇಟೆಯಲ್ಲಿ ಒಂದು ಸಭಾಭವನದ ಪಕ್ಕ. ನಾನು ಬಂದಾಗ ಅದು ಖಾಲಿ ಗುಡ್ಡೆ. ಮತ್ತೆ ಹಾಲ್ ಆಯಿತು. ಮದುವೆ, ಬಾಳೆಲೆಯ ಊಟ, ಜನ, ಎಲ್ಲ ಸಂತೋಷವೇ. ಆದರೆ ವರ್ಷದಿಂದ ವರ್ಷಕ್ಕೆ ಸ್ಪೀಕರಿನ ಬಾಕ್ಸ್ ದೊಡ್ಡದಾಯಿತು. ಈಗ ಹಾಲಿನ ಹೊರಗೆ, ನನ್ನ ಗೋಡೆಗೆ ಮೂರು ಮಾರು ದೂರದಲ್ಲಿ, ಕಪಾಟಿನಷ್ಟು ಎತ್ತರದ ನಾಲ್ಕು ಬಾಕ್ಸ್ ಇಡುತ್ತಾರೆ. ಮದುಮಗ ಕಾರಿನಿಂದ ಇಳಿಯುವ ಹೊತ್ತಿಗೆ ನನ್ನ ಮೇಜಿನ ಮೇಲಿನ ನಟ್ಟು ಬೋಲ್ಟುಗಳು ತಾವೇ ನಡೆದು ಅಂಚಿಗೆ ಬರುತ್ತವೆ.

ಇಡುವವ ಬೇರೆ ಯಾರೂ ಅಲ್ಲ, ದಯಾನಂದ. ಸೌಂಡ್ಸ್ ಆಂಡ್ ಲೈಟ್ಸ್ ಇಟ್ಟವ, ನನ್ನ ಇಪ್ಪತ್ತು ವರ್ಷದ ದೋಸ್ತಿ. ದಿನಾ ಹತ್ತು ಗಂಟೆಗೆ ಎದುರಿನ ಮೂಸಾಕನ ದಿನಸಿ ಅಂಗಡಿಯ ಜಗಲಿಯಲ್ಲಿ ನಾವು ಮೂವರೂ ಚಾ ಕುಡಿಯುವವರು. "ಸ್ವಲ್ಪ ಕಮ್ಮಿ ಮಾಡು ಮಾರಾಯ" ಎಂದು ನಾನು ಹೇಳಿದ್ದುಂಟು. "ಆಯ್ತು, ಆಯ್ತು" ಎಂದು ಅವನು ಒಪ್ಪಿದ್ದೂ ಉಂಟು. ಆಮೇಲೆ ಮದುವೆಯ ಮನೆಯವರು ಬಂದು "ಎಂತ ದಯಾನಂದಣ್ಣ, ಬ್ಯಾಟ್ರಿ ಮುಗಿದದ್ದಾ?" ಎಂದು ಕೇಳುತ್ತಾರೆ. ಮುಗಿಯಿತಲ್ಲ, ಪುನಃ ಜೋರು.

ಹಾಗಿರುವಾಗ ಮರ್ಕಂಜದ ಒಬ್ಬರು ಕೃಷಿಕರು ಪಂಪ್ ತಂದರು. ಹಾಲಿನಲ್ಲಿ ಆರತಕ್ಷತೆ. ನಾನು ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿದೆ. ಒಳಗೆ ಡಬ್ ಡಬ್ ಎಂದು ಕೇಳಿತು. ಬೇರಿಂಗ್ ಪೂರ್ತಿ ಹೋಗಿದೆ ಎಂದು ಹೇಳಿ, ಬಿಚ್ಚಿ, ಹೊಸತು ಹಾಕಿ ಕೊಟ್ಟೆ. ಮೂರು ದಿನಕ್ಕೆ ಪಂಪ್ ಪುನಃ ಬಂತು. ಬೇರಿಂಗಿಗೆ ಎಂತದೂ ಆಗಿರಲಿಲ್ಲ. ನೀರು ತಳ್ಳುವ ಚಕ್ರ ಉಂಟಲ್ಲ, ಇಂಪೆಲ್ಲರ್, ಅದರಲ್ಲಿ ಕಲ್ಲು ಸಿಕ್ಕಿತ್ತು. ನಾನು ಕೇಳಿದ ಡಬ್ ಡಬ್ ದಯಾನಂದನದ್ದು. ಆ ಕೃಷಿಕರು ಬೈಯಲಿಲ್ಲ. ಪಂಪನ್ನು ಜೀಪಿಗೆ ಹಾಕಿಸಿ ತಣ್ಣಗೆ ಹೇಳಿದರು, "ಇನ್ನು ನಾನು ಕಡಬಕ್ಕೆ ತಕೊಂಡು ಹೋಗ್ತೇನೆ. ಅಲ್ಲಿಯವ ಕೇಳುದಿಲ್ಲ, ನೇರ ಬಿಚ್ಚುದು. ಅದು ವಾಸಿ." ಬೈದಿದ್ದರೆ ಅಷ್ಟು ತಾಗುತ್ತಿರಲಿಲ್ಲ.

ಪುತ್ತೂರಿನ ಕಿವಿ ಡಾಕ್ಟರರು ಹೆಡ್‌ಫೋನ್ ಹಾಕಿಸಿ ಪರೀಕ್ಷೆ ಮಾಡಿದರು. ಎಡಕಿವಿ ಪರವಾಗಿಲ್ಲ, ಬಲದ್ದು ಸಣ್ಣ ಸ್ವರವನ್ನು ಹಿಡಿಯದೆ ಬಿಡಲಿಕ್ಕೆ ಶುರುವಾಗಿದೆ, ಹೋದದ್ದು ಪುನಃ ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಿ ಎಂದರು. ನಾನು ಸ್ಕ್ರೂಡ್ರೈವರ್ ಇಡುವುದು ಬಲಕಿವಿಗೆ. ಬಸ್ಸಿನಲ್ಲಿ ಬರುವಾಗ ವಿಮಲ ಎಂತೆಂತದೋ ಧೈರ್ಯ ಹೇಳುತ್ತಿದ್ದಳು. ಅವಳು ಬಲಕ್ಕೆ ಕೂತಿದ್ದಳು. ಅರ್ಧ ಕೇಳಲಿಲ್ಲ, ಕೇಳಿದ ಹಾಗೆ ತಲೆ ಆಡಿಸಿದೆ.

ಅದೇ ಹೊತ್ತಿಗೆ ಪೇಟೆಯ ಪಂಚಾಯತ್ ಕಚೇರಿಯವರು ಒಂದು ಪ್ರಕಟಣೆ ಅಂಟಿಸಿದರು. ಸಭಾಭವನಗಳ ಹೊರಗೆ ಧ್ವನಿವರ್ಧಕ ಇಡಬಾರದು ಎಂದು ನಿಯಮ ಮಾಡುವುದರ ಬಗ್ಗೆ ಸಾರ್ವಜನಿಕರು ಅಭಿಪ್ರಾಯವನ್ನು ಲಿಖಿತವಾಗಿ ಕೊಡಬೇಕು ಅಂತ. ನನಗೆ ಅದು ನನಗೇ ಬರೆದ ಕಾಗದದ ಹಾಗೆ ಕಂಡಿತು. ಮೂರು ದಿನ ಕೂತು ಒಂದು ಪುಟದ ಮನವಿ ಬರೆದೆ. ನಾನು "ಮಾನ್ಯರೇ" ಎಂದು ಐದು ಕಡೆ ಹಾಕಿದ್ದೆ, ವಿಮಲ ನಾಲ್ಕನ್ನು ತೆಗೆದಳು.

ಭಾನುವಾರ ಬೆಳಿಗ್ಗೆ ಬಿಳಿ ಪಂಚೆ ಉಟ್ಟು, ಮನವಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆ ಮನೆಗೆ ಹೊರಟೆ. ಅಲ್ಲಿ ನನ್ನದೊಂದು ದೊಡ್ಡ ತಪ್ಪಾಯಿತು. ನಮ್ಮ ಕಡೆ ಮದುವೆಗೋ ಪೂಜೆಗೋ ಕರೆಯಲಿಕ್ಕೆ ಮನೆಯವರೇ ಖುದ್ದಾಗಿ ಬಂದು ಹೇಳಬೇಕು. ಅದಕ್ಕೆ ಹೇಳಿಕೆ ಎನ್ನುವುದು. ಹೇಳಿಕೆಗೆ ಬಂದವರಿಗೆ ನೀರು ಬೆಲ್ಲ ಕೊಟ್ಟು, "ಬರ್ತೇವೆ" ಎನ್ನಬೇಕು. "ನೋಡುವ", "ಆಗುದಿಲ್ಲ" ಎಂಬ ಮಾತು ಆ ಜಗಲಿಯಲ್ಲಿ ಇಲ್ಲ. ಹೋಗದಿರುವುದು ಬೇರೆ ವಿಷಯ. ನಾನು ಬಿಳಿ ಪಂಚೆಯಲ್ಲಿ, ಕೈಯಲ್ಲಿ ಕಾಗದ ಹಿಡಿದು, ಭಾನುವಾರ ಅಂಗಳಕ್ಕೆ ಇಳಿದರೆ ಯಾರಿಗಾದರೂ ಎಂತ ಅನಿಸಬೇಕು? ಆಲೆಟ್ಟಿಯಿಂದ ಬಂದು ಇಲ್ಲಿ ಮನೆ ಕಟ್ಟಿಕೊಂಡ ಪಾರ್ವತಕ್ಕ ಗೇಟು ತೆಗೆಯುವಾಗಲೇ, "ಬನ್ನಿ ಬನ್ನಿ, ಯಾವಾಗ ಇಟ್ಟುಕೊಂಡದ್ದು?" ಎಂದು ಕೇಳಿದರು. ಇದು ಹಾಗಲ್ಲ, ಮೈಕಿನ ವಿಷಯ ಎಂದರೆ, "ಆಯ್ತು, ನೀವು ಬಂದದ್ದೇ ಸಂತೋಷ. ಎಲ್ಲಿ ಸಹಿ?" ಎಂದರು. ಓದಲಿಲ್ಲ. ಎಲ್ಲ ಮನೆಯಲ್ಲೂ ಹೀಗೇ. ಎರಡು ಹಾಳೆ ತುಂಬಿತು. ನನ್ನ ಹೊಟ್ಟೆಯೂ ಬೆಲ್ಲದಿಂದ ತುಂಬಿತು. ಜನ ನನ್ನ ಕಡೆಗೇ ಇದ್ದಾರೆ ಎಂದು ಉಬ್ಬಿ ಮನೆಗೆ ಬಂದೆ.

ಬುಧವಾರ ದಯಾನಂದ ನಮ್ಮ ಮನೆಗೆ ಬಂದ. ಅವನೂ ಬಿಳಿ ಪಂಚೆ.

"ಎಂಚ ಉಲ್ಲರ್ ಮಾರಾಯ್ರೆ" ಎಂದು ತುಳುವಿನಲ್ಲಿ ಕ್ಷೇಮ ಕೇಳುತ್ತಾ ಒಳಗೆ ಬಂದು, ಚಪ್ಪಲಿ ಬಿಟ್ಟು, ಕೂತ. ಅಂಗಡಿಯ ಜಗಲಿಯಲ್ಲಿ ದಿನಾ ಸಿಗುವವ ಹಾಗೆ ಮನೆಗೆ ಬರುವುದು ಅಪರೂಪ. ವಿಮಲ ನೀರು ಬೆಲ್ಲ ಇಟ್ಟಳು. ಅವನು ಒಂದು ಹಾಳೆ ತೆಗೆದು ಎರಡೂ ಕೈಯಲ್ಲಿ ನನ್ನ ಎದುರು ಹಿಡಿದ. "ನೀವು ನಿಮ್ಮದು ಕೊಡುದು ಕೊಡಿ. ಅದಕ್ಕೆ ನಾನು ಬೇಡ ಹೇಳುದಿಲ್ಲ. ಆದ್ರೆ ನನ್ನದರಲ್ಲೂ ನಿಮ್ಮ ಹೆಸರು ಇಲ್ಲದಿದ್ರೆ ಚಂದ ಅಲ್ಲ. ನಾಳೆ ಜನ ಎಂತ ಹೇಳಿಯಾರು, ಇವರಿಬ್ಬರಿಗೆ ಆಗುದಿಲ್ಲ ಅಂತ ಅಲ್ವಾ?"

ಹಾಲಿನ ಹೊರಗೆ ಬಾಕ್ಸ್ ಇಡಲಿಕ್ಕೆ ಈಗಿನ ಹಾಗೆಯೇ ಅವಕಾಶ ಬೇಕು ಎಂದು ಅದರಲ್ಲಿ ಬರೆದಿತ್ತು. ನಾನು ಓದಿದೆ. ಓದಿ, ಬಾಲ ಎಳೆದು, ಎರಡು ಚುಕ್ಕಿ ಹಾಕಿದೆ.

ಅವನು ಗೇಟು ದಾಟಿದ ಮೇಲೆ ವಿಮಲ ಬೆಲ್ಲದ ತಟ್ಟೆ ಎತ್ತಿದಳು. ಮತ್ತೆ ಹೇಳಿದಳು, "ನಿಮಗೆ ಎಸ್ಸೆಸ್ಸೆಲ್ಸಿ ಕಟ್ಟಿಸಿದ್ದು ನನ್ನದೇ ತಪ್ಪು. ಹೆಬ್ಬೆಟ್ಟು ಇದ್ದಿದ್ರೆ ಒತ್ತುವಾಗ ಸ್ವಲ್ಪವಾದ್ರೂ ನಾಚಿಕೆ ಆಗ್ತಿತ್ತು."

ಅಭಿಪ್ರಾಯ ಕೇಳಲಿಕ್ಕೆ ಕಚೇರಿಯವರು ಕರೆದ ಸಭೆಯ ದಿನ ನಲವತ್ತು ಐವತ್ತು ಜನ ಸೇರಿದ್ದರು. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿ ಮೇಡಂ ಬಿಜಾಪುರದ ಕಡೆಯವರು. ಸಭೆಗೆ ಮೈಕ್ ದಯಾನಂದನದ್ದೇ. ಪೇಟೆಯಲ್ಲಿ ಬೇರೆ ಯಾರದ್ದುಂಟು? ಅವನು ಮೂಲೆಯಲ್ಲಿ ಆಂಪ್ಲಿಫಯರ್ ಪಕ್ಕ ನಿಂತಿದ್ದ. ಮೇಡಂ ಎರಡೂ ಮನವಿಯನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕನ್ನಡಕ ಏರಿಸಿದರು, ಇಳಿಸಿದರು.

"ಏನ್ರೀ ಇದು? ಬಾಕ್ಸ್ ಬ್ಯಾಡ ಅಂತ ಇದರಾಗ ಸಹಿ ಮಾಡೀರಿ. ಬೇಕು ಅಂತ ಇದರಾಗೂ ನೀವೇ ಸಹಿ ಮಾಡೀರಿ. ನಾ ಯಾವುದನ್ನ ಅಭಿಪ್ರಾಯ ಅಂತ ತಿಳ್ಕೋಬೇಕ್ರಿ?"

 ಕೊನೆಗೆ ಮೂಸಾಕ ಎದ್ದರು. "ಅದು ಹಾಗಲ್ಲ ಮೇಡಂ. ಇವರು ಬಂದಾಗ ಇವರದ್ದಕ್ಕೆ ಹಾಕಿದ್ದು, ಅವರು ಬಂದಾಗ ಅವರದ್ದಕ್ಕೆ."

"ಕಾಗದದಾಗ ಏನೈತಿ ಅಂತ ನೋಡಲಿಲ್ಲೇನ್ರಿ?"

"ಮನೆಗೆ ಬಂದವರ ಮುಖ ನೋಡುದಾ, ಕಾಗದ ನೋಡುದಾ?"

ಸಭೆ ನಕ್ಕಿತು. ಮೇಡಂ ನಗಲಿಲ್ಲ. ಮೊದಲ ಮನವಿ ಕೊಟ್ಟವರು ಯಾರು ಎಂದು ಕೇಳಿದರು. ನಾನು ಎದ್ದೆ. "ಬರ್ರಿ ಇಲ್ಲಿ. ಎರಡರಾಗ ಒಂದರಾಗಿನ ನಿಮ್ಮ ಹೆಸರಿಗೆ ಗೀಟು ಹೊಡೀರಿ. ಎಲ್ಲಾರೂ ಹಂಗೇ ಮಾಡ್ರಿ. ಉಳಿದದ್ದು ನಾ ತಗೋತೀನಿ." ಪೆನ್ನು ಮುಂದೆ ಹಿಡಿದರು.

ಆ ನಾಲ್ಕು ಹೆಜ್ಜೆ ನಡೆದದ್ದು ನನಗೆ ಇವತ್ತಿಗೂ ಕಾಲಿನಲ್ಲಿ ಉಂಟು. ದಯಾನಂದ ನನ್ನನ್ನು ನೋಡುತ್ತಿರಲಿಲ್ಲ. ಒಂದು ವಯರನ್ನು ಸುಮ್ಮನೆ ಸುತ್ತುತ್ತಾ ಬಿಚ್ಚುತ್ತಾ ಇದ್ದ. ನಾನು ಅವನ ಹಾಳೆಯಲ್ಲಿದ್ದ ನನ್ನ ಹೆಸರಿನ ಮೇಲೆ ಗೀಟು ಎಳೆದೆ. ಕಿವಿ ನನ್ನದು, ಹೋದರೆ ಬೇರೆ ಇಲ್ಲ. ಆದರೂ ಹೊಡೆದದ್ದು ಹೆಸರಿಗಲ್ಲ, ಯಾರದೋ ಮೈಗೆ ಎಂದು ಅನಿಸಿತು.

ನನ್ನ ಹಿಂದೆ ಮೂಸಾಕ ಬಂದರು. ಪೆನ್ನು ಹಿಡಿದು ಮೂಲೆಯ ಕಡೆಗೊಮ್ಮೆ ನೋಡಿದರು. ದಯಾನಂದ ಅಲ್ಲಿ ಎದ್ದು ಕಾಣುವ ಹಾಗೆ ನಿಂತಿದ್ದ. ನಾನು ಅವರ ಬೆನ್ನ ಹಿಂದೆ, ಜನರ ನಡುವೆ ಹೋಗಿ ಕೂತಾಗಿತ್ತು. ಮೂಸಾಕ ನನ್ನ ಹಾಳೆಯಿಂದ ಹೆಸರು ಹೊಡೆದರು. ಆಮೇಲೆ ಬಂದವರು ಒಬ್ಬೊಬ್ಬರೂ ಮೂಲೆ ನೋಡಿದರು, ನನ್ನ ಹಾಳೆ ಹೊಡೆದರು. ಪಾರ್ವತಕ್ಕ ಕೂಡ. ಕೊನೆಗೆ ನನ್ನದರಲ್ಲಿ ಉಳಿದದ್ದು ನಾನು ಮತ್ತು ವಿಮಲ. ಮೇಡಂ ಮೈಕಿನಲ್ಲಿ ಹೇಳಿದರು: ಸದ್ಯಕ್ಕೆ ಇದ್ದ ಹಾಗೇ ಇರಲಿ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಅಭಿಪ್ರಾಯ ತಗೊಳ್ಳೋಣ.

ಹೊರಗೆ ಬಂದಾಗ ಮೂಸಾಕ ಹೆಗಲು ಮುಟ್ಟಿದರು. "ಬೇಜಾರ್ ಮಾಡ್ಬೇಡಿ. ಅವ ಎದುರಲ್ಲೇ ನಿಂತದ್ದಲ್ವಾ? ಹೇಗೆ ಹೊಡೆಯುದು?"

"ನಾನು ಹಿಂದೆ ಕೂತಿದ್ದೆ ಮೂಸಾಕ."

"ಅದೇ. ನೀವು ಬಂದು ಎದುರಲ್ಲಿ ನಿಲ್ಬೇಕಿತ್ತು."

ನನಗೆ ಸಿಟ್ಟು ಕೂಡ ಬರಲಿಲ್ಲ. ಆಯಾಸ ಆಯಿತು, ಅಷ್ಟೇ.

ದಯಾನಂದ ಹದಿನೈದು ದಿನ ಚಾಕ್ಕೆ ಬರಲಿಲ್ಲ. ಬಾಕ್ಸ್ ಬಂತು, ಅವನು ಬರಲಿಲ್ಲ. ಮತ್ತೆ ಒಂದು ದಿನ ಅಂಗಡಿಯ ಬಾಗಿಲಲ್ಲಿ ನಿಂತು, ಒಳಗೆ ಬಾರದೆ, ಹೇಳಿದ, "ಉಳಿದವರು ಹಿಂದಿನಿಂದ ಎಷ್ಟು ಬೈತಾರೆ ಅಂತ ನನಗೆ ಗೊತ್ತುಂಟು. ಎದುರಿಗೆ ಗೀಟು ಎಳೆದದ್ದು ನೀವು ಒಬ್ರೇ. ನನಗೆ ಆ ದಿನ ಅನ್ನ ಸೇರ್ಲಿಲ್ಲ. ಹೋಗ್ಲಿ. ಬಾಕ್ಸ್ ಎತ್ತ ತಿರುಗಿಸ್ಬೇಕು ಹೇಳಿ."

ಮುಂದಿನ ಮದುವೆಗೆ ನಾಲ್ಕೂ ಬಾಕ್ಸನ್ನು ಮಾರ್ಗದ ಕಡೆ ತಿರುಗಿಸಿದ. ಸಾಕಷ್ಟು ವ್ಯತ್ಯಾಸ ಆಯಿತು. ನಟ್ಟು ಬೋಲ್ಟು ಇಟ್ಟಲ್ಲೇ ಕೂತವು. ಒಂದು ಮಿಕ್ಸಿಯ ಬೇರಿಂಗನ್ನು ಕೇಳಿಯೇ ಹೇಳಿದೆ, ಸರಿಯಾಗಿತ್ತು. ನಾನು ಎಷ್ಟು ಖುಷಿಯಲ್ಲಿದ್ದೆನೆಂದರೆ ಮಾರ್ಗದ ಆಚೆ ಯಾರ ಅಂಗಡಿ ಉಂಟು ಎಂದು ಯೋಚನೆಯನ್ನೇ ಮಾಡಲಿಲ್ಲ.

ನಾಲ್ಕನೇ ಮದುವೆ ಕಳೆದ ಮೇಲೆ ಮೂಸಾಕ ಮನೆಗೆ ಬಂದರು. ಬಿಳಿ ಲುಂಗಿ, ಬಿಳಿ ಶರ್ಟು, ಕೈಯಲ್ಲಿ ಹಾಳೆ. "ಒಂದು ಕಿಲೋ ಕೇಳಿದ್ರೆ ನನಗೆ ಅರ್ಧ ಕಿಲೋ ಅಂತ ಕೇಳ್ತದೆ. ಗಿರಾಕಿ ಕೈಯಲ್ಲಿ ತೋರಿಸುದು, ನಾನು ಕೈಯಲ್ಲಿ ಕೊಡುದು. ಮೂಕರ ಅಂಗಡಿ ಆಗಿದೆ ಮಾರಾಯ್ರೆ ನನ್ನದು. ಒಂದು ಸಹಿ ಹಾಕಿ."

ಹಾಳೆ ನೋಡಿದರೆ ನನ್ನ ಮನವಿಯದ್ದೇ ನಕಲು, ಸಾಲು ಬಿಡದೆ. ವಿಮಲ ಉಳಿಸಿದ್ದ ಒಂದು "ಮಾನ್ಯರೇ" ಸಮೇತ.

ಒಳ್ಳೆಯ ಇಕ್ಕಟ್ಟು. ಸಹಿ ಹಾಕಿದರೆ ದಯಾನಂದ ಬಾಕ್ಸನ್ನು ಪುನಃ ನನ್ನ ಗೋಡೆಗೆ ತಿರುಗಿಸುವವ. ಹಾಕದಿದ್ದರೆ ಮೂಸಾಕ ಆ ದಿನ ಮಾಡಿದ್ದಕ್ಕೂ ನಾನು ಈಗ ಮಾಡುವುದಕ್ಕೂ ಎಂತ ವ್ಯತ್ಯಾಸ? ಒಳಗಿನಿಂದ ವಿಮಲ ಕೆಮ್ಮಿದಳು. ಇಪ್ಪತ್ತೈದು ವರ್ಷದ ಸಂಸಾರ, ಆ ಕೆಮ್ಮಿನ ಅರ್ಥ ಬಲಕಿವಿಯಲ್ಲೂ ಗೊತ್ತಾಗುತ್ತದೆ.

"ಮೂಸಾಕ, ಸಹಿ ಹಾಕುವ. ಆದ್ರೆ ಇದನ್ನು ಹಿಡ್ಕೊಂಡು ನಾವಿಬ್ರೇ ಮನೆ ಮನೆಗೆ ಹೋಗುದು ಬೇಡ," ಎಂದೆ. "ದಯಾನಂದನನ್ನೂ ಕರೆಯುವ."

"ಎಂತಕ್ಕೆ? ನಮಗೆ ಬೈಲಿಕ್ಕಾ?"

"ಎದುರಲ್ಲಿ ನಿಲ್ಲಲಿಕ್ಕೆ. ಮೂವರೂ ನಿಂತ್ರೆ ಯಾರ ಮುಖ ನೋಡಿ ಸಹಿ ಹಾಕುದು?"

ದಯಾನಂದ ಬರುವುದಿಲ್ಲ ಎಂದೇ ತಿಳಿದಿದ್ದೆ. ಬಂದ. "ಆಚೆ ತಿರುಗಿಸು, ಈಚೆ ತಿರುಗಿಸು ಅಂತ ಕೇಳಿ ಕೇಳಿ ನನಗೂ ಸಾಕಾಗಿದೆ. ಆ ಬಾಕ್ಸ್ ಒಂದೊಂದು ಎಷ್ಟು ಭಾರ ಗೊತ್ತುಂಟಾ ನಿಮಗೆ?" ಎಂದ.

ಕಳೆದ ಭಾನುವಾರ ಮೊದಲು ಹೋದದ್ದು ಪಾರ್ವತಕ್ಕನ ಮನೆಗೆ. ಗೇಟಿನಲ್ಲಿ ಮೂವರನ್ನೂ ಒಟ್ಟಿಗೆ ಕಂಡು ಅವರಿಗೆ ಗಾಬರಿ. ನೀರು ಬೆಲ್ಲ ತಂದಿಟ್ಟು ನಿಂತೇ ಕೇಳಿದರು, "ಇದರಲ್ಲಿ ಯಾರದ್ದು ಕಾಗದ? ಯಾರದ್ದಕ್ಕೆ ಹಾಕ್ಬೇಕು?"

ನಾವು ಯಾರೂ ಹೇಳಲಿಲ್ಲ. ಅವರು ನನ್ನ ಮುಖ ನೋಡಿದರು, ದಯಾನಂದನ ಮುಖ ನೋಡಿದರು, ಮೂಸಾಕನ ಮುಖ ನೋಡಿದರು. ಮತ್ತೆ ಬೇರೆ ದಾರಿ ಕಾಣದೆ ಕುರ್ಚಿ ಎಳೆದು ಕೂತು, ಕನ್ನಡಕ ತರಿಸಿ, ಹಾಳೆಯನ್ನು ಓದಿದರು. ಮೊದಲ ಸಲ.

"ನೋಡಿ, ಹೇಳುದಾದ್ರೆ ಹೇಳ್ತೇನೆ," ಎಂದರು. "ನನ್ನ ಮಗಳ ಮದುವೆಗೆ ಇನ್ನೂ ಜಾಸ್ತಿ ಇಡಿ ಹೇಳಿದ್ದು ನಾನೇ. ದಯಾನಂದನಿಗೆ ನೆನಪುಂಟು. ಈಗ ಬೇರೆಯವರದ್ದು ಕೇಳುವಾಗ ತಲೆ ಒಡೀತದೆ. ಹಾಲಿನ ಒಳಗೆ ಎಷ್ಟು ಬೇಕಾದ್ರೂ ಇಡ್ಲಿ, ಕರೆದವರಿಗೆ ಕೇಳ್ಲಿ. ಕರೆಯದವರಿಗೂ ಯಾಕೆ ಮಾರಾಯ್ರೆ?"

ದಯಾನಂದ ಬೆಲ್ಲದ ತುಂಡನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದಿದ್ದ. "ಅದನ್ನು ಆ ದಿನ ಸಭೆಯಲ್ಲಿ ಹೇಳ್ಬಹುದಿತ್ತಲ್ಲ ಅಕ್ಕ" ಎಂದ.

"ಅಲ್ಲಿ ನನ್ನನ್ನು ಯಾರು ಕೇಳಿದ್ರು? ಗೀಟು ಎಳೀರಿ ಹೇಳಿದ್ರು, ಎಳೆದೆ."

ಆಮೇಲೆ ಅವರಿಬ್ಬರಿಗೂ ಚರ್ಚೆ. ಒಳಗೆ ಇಟ್ಟರೆ ಹೊರಗೆ ಊಟಕ್ಕೆ ಕೂತವರಿಗೆ ಕೇಳುವುದಿಲ್ಲ ಎಂದು ಅವನು. ಊಟ ಮಾಡುವವರಿಗೆ ಬಾಯಿ ಸಾಕು, ಕಿವಿ ಎಂತಕ್ಕೆ ಎಂದು ಇವರು. ಸಣ್ಣದೊಂದು ಬಾಕ್ಸ್ ಊಟದ ಚಪ್ಪರಕ್ಕೆ, ದೊಡ್ಡದೆಲ್ಲ ಒಳಗೆ ಎಂಬಲ್ಲಿಗೆ ಬಂದು ನಿಂತಿತು. ಅದಕ್ಕೂ ದಯಾನಂದ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಪಾರ್ವತಕ್ಕ ಸಹಿ ಹಾಕಲಿಲ್ಲ. ಎಲ್ಲ ಮನೆಯವರು ಎಂತ ಹೇಳುತ್ತಾರೆ ಕೇಳಿಕೊಂಡು ಬನ್ನಿ, ಮತ್ತೆ ಓದಿ ಹಾಕುತ್ತೇನೆ ಎಂದರು. ನನಗೆ ಗೊತ್ತಿದ್ದ ಹಾಗೆ ನಮ್ಮ ಪೇಟೆಯಲ್ಲಿ ಮನೆಗೆ ಬಂದವರಿಗೆ ಯಾರಾದರೂ ಹೀಗೆ ಹೇಳಿದ್ದು ಇದೇ ಮೊದಲು.

ಒಂದು ಮನೆಗೆ ಮುಕ್ಕಾಲು ಗಂಟೆ ಹೋಯಿತು. ಹಾಳೆ ಖಾಲಿ. ಇಡೀ ವಾರ್ಡ್ ಬಾಕಿ ಉಂಟು, ಭಾನುವಾರ ವಾರಕ್ಕೆ ಒಂದೇ. ಹೊರಗೆ ಬಂದು ಮಾರ್ಗದಲ್ಲಿ ನಿಂತಾಗ ಮೂವರಿಗೂ ಸುಸ್ತು. ದಯಾನಂದ ನನ್ನ ಎಡಗಡೆಗೆ ಬಂದು ನಿಂತು, "ಮುಂದಿನ ಮನೆ ಯಾರದ್ದು?" ಎಂದು ಕೇಳಿದ.

ಓದುಗರೇ, ನನ್ನ ಕತೆ ಇಲ್ಲಿಗೆ ಬಂದು ನಿಂತಿದೆ, ಮುಗಿದಿಲ್ಲ. ಬಾಗಿಲಲ್ಲಿ ನಿಂತವರ ಮುಖ ನೋಡಿ, ಮನಸ್ಸಿನಲ್ಲಿ ಇಲ್ಲದ್ದಕ್ಕೆ ನೀವೂ ಎಲ್ಲಿಯಾದರೂ ಸಹಿ ಹಾಕಿದ್ದುಂಟಾ? ಆಮೇಲೆ ಎಂತ ಮಾಡಿದಿರಿ? ನಾಚಿಕೆ ಪಡದೆ ಎರಡು ಸಾಲು ಬರೆದು ತಿಳಿಸಿ. ನಾನೊಬ್ಬನೇ ಅಲ್ಲ ಎಂದು ಗೊತ್ತಾದರೆ ಉಳಿದ ಮನೆಗಳ ಮೆಟ್ಟಿಲು ಹತ್ತಲಿಕ್ಕೆ ಸ್ವಲ್ಪ ಧೈರ್ಯ ಬಂದೀತು.